ಕೊನೆಗೊಂದು ಕೊಂಬು

ಮುಳ್ಳೇರಿಯದ ಹಾಲಿನ ಸೊಸೈಟಿಯಲ್ಲಿ
ಓಣಂ ಬೋನಸ್ಸಿನ ಪಟ್ಟಿ ಮಾಡುವ ದಿನ
ಬೋವಿಕ್ಕಾನದ ಒಬ್ಬ ಮುದುಕ ಐದು ಮಂದಿಯಾಗಿದ್ದ.

ಮೊದಲ ಗುಮಾಸ್ತರ ದುಂಡು ಕೈಬರಹದಲ್ಲಿ ಕುಞ್ಞಂಬು.
ಆಮೇಲೆ ಬಂದವರಿಗೆ ಒತ್ತು ಬಾರದೆ ಕುಂಞಂಬು.
ಮಲಯಾಳದಿಂದ ಇಂಗ್ಲಿಷಿಗೆ ಹೋಗಿ
ಅಲ್ಲಿ ಬಸ್ಸು ಬದಲಿಸಿ ನಮ್ಮಲ್ಲಿಗೆ ಮರಳಿದ ಕುನ್ಹಂಬು.
ಅವಸರದ ಕುಂಜಂಬು.
ಮಾರ್ಚ್ ತಿಂಗಳ ಕೊನೆಗೆ, ಕೈ ಸೋತಾಗ, ಬರೀ ಕು. ಅಂಬು.
ಎಮ್ಮೆ ಮಾತ್ರ ಒಂದೇ,
ಅದರ ಕಿವಿಯ ಹಳದಿ ಬಿಲ್ಲೆಯೂ ಒಂದೇ.

ಕ್ವೆರಿಯೊಳಗೆ ಉದ್ಧರಣ ಚಿಹ್ನೆ ತೆರೆದು
ನಾನೊಂದು ಬಲೆ ಹೆಣೆಯಲು ಕೂತೆ.
ಚುಕ್ಕೆ ಎಂದರೆ ಯಾವುದೇ ಒಂದಕ್ಷರ, ಹಾಗೆಂದು ಕಲಿಸಿದ್ದರು.
ಆದರೆ ಯಂತ್ರಕ್ಕೆ ಞ್ಞ ಮೂರು ತುಂಡು;
ನನ್ನ ಚುಕ್ಕೆ ಒಂದು ತುಂಡು ನುಂಗಿ ಒತ್ತನ್ನು ಹೊರಗೇ ಬಿಟ್ಟಿತು,
ದೋಣಿ ಹತ್ತಿದವನ ಒಂದು ಕಾಲು ನೀರಲ್ಲೇ ಇದ್ದ ಹಾಗೆ.
ಅದಕ್ಕೇ ಚುಕ್ಕೆಯ ಬೆನ್ನಿಗೆ ನಕ್ಷತ್ರ ಹಚ್ಚಿದೆ
(ಅಜ್ಜಿಗೆ ಹೇಳಿದರೆ ನಗುತ್ತಿದ್ದಳು, ಎರಡೂ ಚುಕ್ಕೆಯೇ ಅಲ್ಲವೇ ಎಂದು).
ಕು ಎಂದು ಶುರು, ನಡುವೆ ಏನಾದರೂ ಇರಲಿ,
ಕೊನೆಗೊಂದು ಕೊಂಬು.

ದಿವಾಕರನ್ ಕುರ್ಚಿ ಎಳೆದು ಕೂತ.
"ವಾರಿಜೇಚೀ, ಕ್ವೆರಿ ಇರುವುದು ಕೇಳಲಿಕ್ಕೆ,
ಜೇಬು ತಡಕಲಿಕ್ಕೆ ಅಲ್ಲ.
ಇದು ಭಾಷೆಯ ಹೊಟ್ಟೆಯೊಳಗೆ ಇನ್ನೊಂದು ಭಾಷೆ,
ಒಂದರ ವ್ಯಾಕರಣ ಇನ್ನೊಂದಕ್ಕೆ ಗೊತ್ತಿಲ್ಲ.
ಹೆಸರಿಗೊಂದು ಕಾಲಂ, ಮನೆಗೊಂದು ಕಾಲಂ, ಎಲ್ಲಕ್ಕೂ ಮೇಲೆ ನಂಬರು.
ಸೋಸುವುದಿದ್ದರೆ ಬಾಗಿಲಲ್ಲೇ ಸೋಸಬೇಕು,
ಹಾಲು ಕ್ಯಾನಿಗೆ ಬಿದ್ದ ಮೇಲೆ ಅಲ್ಲ."

ಅವನು ಹೇಳಿದ್ದು ಮಲಯಾಳದಲ್ಲಿ,
ನನಗೆ ಅರ್ಥವಾದದ್ದು ಕನ್ನಡದಲ್ಲಿ,
ಒಳಗೊಳಗೆ ಬೈದದ್ದು ತುಳುವಿನಲ್ಲಿ.
ಹೊಟ್ಟೆಯೊಳಗಿನ ಭಾಷೆಯ ಬಗ್ಗೆ ನನಗೇ ಪಾಠ!
ನಾವು ಐವತ್ತು ವರ್ಷದಿಂದ ಆ ಎರಡು ಚಿಹ್ನೆಗಳ ನಡುವೆಯೇ
ಬಿಡಾರ ಹೂಡಿದವರು.
ಆದರೂ ಅವನು ಹೇಳಿದ್ದು ಸುಳ್ಳಲ್ಲ.
ಎಂಟರ್ ಒತ್ತಿದೆ.

ಐದು ಸಾಲು ಸಿಕ್ಕವು. ಆರನೆಯದನ್ನು ನಾನು ನೋಡಲಿಲ್ಲ.
ಅಷ್ಟನ್ನೂ ಒಂದು ಮಾಡಿ ದುಡ್ಡು ಕಳಿಸಿದೆ.

ಶುಕ್ರವಾರ ಪಾಸ್‌ಬುಕ್ಕು ಹಿಡಿದು ಬಂದ ಕುಞ್ಞಂಬು.
"ನನ್ನ ಎಮ್ಮೆ ಇಷ್ಟು ಕರೆಯುವುದಿಲ್ಲ ಅಕ್ಕ.
ಇದು ಆದೂರಿನ ಕುಂಞಾಮುವಿನದು.
ನಮಗೆ ಹೊಸತೇನಲ್ಲ ಬಿಡಿ.
ಅವನ ಮಗನ ಗಲ್ಫಿನ ಕಾಗದ ನನ್ನ ಮನೆಗೆ,
ನನ್ನ ಬೀಡಿ ಪಿಂಚಣಿ ಅವನ ಮನೆಗೆ.
ಸಂತೆಯ ದಿನ ಚಹದಂಗಡಿಯಲ್ಲಿ ಬದಲಿಸಿಕೊಳ್ಳುತ್ತೇವೆ.
ಚಹದ ದುಡ್ಡಿಗೆ ಮಾತ್ರ ಜಗಳ."

ದಿವಾಕರನ್ ಏನೂ ಹೇಳಲಿಲ್ಲ.
ಹೇಳದೆ ಇರುವುದಕ್ಕೂ ಒಂದು ಸ್ವರ ಇರುತ್ತದೆ.

ಬಲೆಯನ್ನು ನಾನು ಎಸೆಯಲಿಲ್ಲ.
ಈಗ ಅದು ಹಿಡಿಯುತ್ತದೆ, ಕೂಡಿಸುವುದಿಲ್ಲ;
ಆರು ಸಾಲು ಮುಂದಿಟ್ಟು ನನ್ನ ಮುಖ ನೋಡುತ್ತದೆ.
ನಾನು ಫೋನು ಮಾಡುತ್ತೇನೆ: ಯಾರ ಮಗ, ಯಾವ ತೋಡಿನ ಆಚೆ, ಹಸುವೋ ಎಮ್ಮೆಯೋ.
ಕೇಳುವಲ್ಲಿ ಇರಲಿ ಇದು, ಬದಲಿಸುವಲ್ಲಿ ಬೇಡ, ಎಂದೆ.
"ಎರಡಕ್ಕೂ ಒಂದೇ ಭಾಷೆ ಚೇಚೀ,
ನಡುವೆ ಗೋಡೆ ಕಟ್ಟುವವರು ಯಾರು?"
ಗೊತ್ತಿಲ್ಲ. ಸದ್ಯಕ್ಕೆ ನಾನು.

ಸಂಜೆ ಅವನು ಊರಿನ ಬಸ್ಸಿಗೆ ಕಾಯುತ್ತಾ ನಿಂತಿದ್ದ.
ಒಂದರ ಬೋರ್ಡಿನಲ್ಲಿ ಕಾಞಂಗಾಡ್,
ಇನ್ನೊಂದರಲ್ಲಿ ಕಾಂಞಂಗಾಡು,
ಹಿಂದಿನ ಹಳೆಯ ಬಸ್ಸಿಗೆ ಇನ್ನೂ ಹೊಸದುರ್ಗ.
ಓದಲೂ ಇಲ್ಲ ಅವನು,
ಮೂರಕ್ಕೂ ಕೈ ತೋರಿಸಿದ.